ಸರಾಸರಿಗಿಂತ ಕೆಳಗಿನ ಒಸಡು

ಫೆಬ್ರವರಿ ಮೂವತ್ತು, ೨೩೧೪
ಮೂರನೇ ಅಂತಸ್ತು, ಹಳೆಯ ಚಿನ್ನದ ಗಣಿ, ಕೋಲಾರದ ಸೀಮೆ

ಸುಮಾರು ಮುನ್ನೂರು ವರ್ಷ ಹಿಂದೆ ಕೂತು ಒಸಡು ಅಳೆಯುತ್ತಿರುವ ಡಾಕ್ಟರಮ್ಮನವರಿಗೆ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ಮೇ ತಿಂಗಳಲ್ಲಿ ಬದುಕುವುದು ಕಷ್ಟವೆಂದು ಅದರ ದಿನಗಳನ್ನು ಕಿತ್ತು ಬೇರೆ ತಿಂಗಳುಗಳಿಗೆ ಹಂಚಿದ್ದಾರೆ. ಬಿಸಿಲು ಮಾತ್ರ ಹಂಚಿಕೆಗೆ ಒಪ್ಪಲಿಲ್ಲ. ನನ್ನ ಕನ್ನಡ ನಿಮಗೆ ಒರಟೆನಿಸಿದರೆ ಕ್ಷಮಿಸಿ. ಪ್ರಾಸದ ಚಟ ನನ್ನ ಸ್ವಂತದ್ದು, ಅದಕ್ಕೆ ಕಾಲವನ್ನು ದೂರುವಂತಿಲ್ಲ.

ನಾವು ಗಣಿಯೊಳಗೆ ವಾಸಿಸುತ್ತೇವೆ. ಉಣ್ಣುವುದು ಕಲ್ರೊಟ್ಟಿ, ಅಂದರೆ ಬೀಜಗಳನ್ನು ಹೊಟ್ಟಿನ ಸಮೇತ ಒತ್ತಿ ಒಣಗಿಸಿದ ಬಿಲ್ಲೆ. ಒಂದು ತುಂಡು ಅಗಿಯಲು ಅರ್ಧ ಗಂಟೆ ಬೇಕು, ಹಾಗಾಗಿ ಊಟದ ಹೊತ್ತಿಗೆ ಜಗಳವಾಗುವುದಿಲ್ಲ. ರೊಟ್ಟಿ ಎಲ್ಲರಿಗೂ ಸಾಲದು. ತೆಳು ಒಸಡಿನವರ ಹಲ್ಲು ಬೇಗ ಉದುರುತ್ತದೆ, ಅವರಿಗೆ ಕೊಟ್ಟರೆ ದಂಡವೆಂದು ಗಣಿಯ ಆಡಳಿತ ಮಂಡಳಿಯವರು ಇಪ್ಪತ್ತು ತುಂಬಿದವರ ಒಸಡಿನ ದಪ್ಪ ಅಳೆಸುತ್ತಾರೆ. ಇದಕ್ಕೆ ‘ತುಟಿಯೆತ್ತು’ ಎಂದು ಹೆಸರು. ಮುಂದೆ ಯಾರೂ ತಕರಾರು ತೆಗೆಯಬಾರದೆಂದು ಮನೆಯ ಹಿರಿಯರೇ ಮೇಲ್ತುಟಿ ಎತ್ತಿ ಹಿಡಿಯಬೇಕು. ಅಳೆಯುವವನು ಸೂಜಿ ಚುಚ್ಚುತ್ತಾನೆ. ದಪ್ಪವಿದ್ದರೆ ರೊಟ್ಟಿ, ಇಲ್ಲದಿದ್ದರೆ ಕೆಳಗಿನ ಅಂತಸ್ತು, ನೀರುಗಂಜಿ. ಗಂಜಿಯವರ ತಲೆ ನರೆತದ್ದನ್ನು ನಾನು ಕಂಡಿಲ್ಲ. ಮಕ್ಕಳು ಕುಂಟೆಬಿಲ್ಲೆ ಆಡುತ್ತಾ ಹಾಡುತ್ತವೆ: “ಒಸಡು ಗಟ್ಟಿ, ಕೈಗೆ ರೊಟ್ಟಿ, ಒಸಡು ತೆಳ್ಳಗೆ, ಗಂಜಿ ಬೆಳ್ಳಗೆ.” ಪ್ರಾಸ ಚೆನ್ನಾಗಿದೆ. ಕಟ್ಟಿದವನು ನಾನಲ್ಲ ಎಂಬುದೊಂದೇ ಸಮಾಧಾನ.

ಗೆರೆ ಎಳೆದದ್ದು ನಿಮ್ಮ ಅಂಕಿಯಿಂದ. ಕಾಲೇಜಿನ ಆರೋಗ್ಯವಂತ ಯುವಕ ಯುವತಿಯರನ್ನು ಕುರ್ಚಿಗೆ ಒರಗಿಸಿ, ಮುಂದಿನ ಹಲ್ಲುಗಳ ಒಸಡು ಅಳೆದು, ಸರಾಸರಿ ತೆಗೆದಿರಿ. ತೆಳ್ಳಗಿನ ಒಸಡೂ ಆರೋಗ್ಯದ್ದೇ ಎಂದು ಕೆಳಗೆ ವಿವರಿಸಿಯೂ ಇದ್ದಿರಬೇಕು. ನೀವು ಕರೆದದ್ದೇ ಆರೋಗ್ಯವಂತರನ್ನಲ್ಲವೇ? ನಮಗೆ ಸಿಕ್ಕಿದ್ದು ನಿಮ್ಮ ವರದಿಯ ಹರಿದ ಅರ್ಧ ಹಾಳೆ. ಅಂಕಿ ಉಳಿಯಿತು, ಮಾತು ಅಳಿಯಿತು. ನಮ್ಮವರು ಸರಾಸರಿಯನ್ನೇ ಪಾಸಾಗುವ ಗೆರೆ ಎಂದುಕೊಂಡರು. ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ಅಳೆಸಿಕೊಂಡ ಆ ಆರೋಗ್ಯವಂತರಲ್ಲೇ ಹೆಚ್ಚುಕಡಿಮೆ ಅರ್ಧ ಮಂದಿ ಈ ಗೆರೆಯ ಕೆಳಗಿದ್ದರೆಂದು ಮಂಡಳಿಯ ಮುಂದೆ ವಿವರಿಸಿದೆ. “ಸರಿ ಮೇಷ್ಟ್ರೇ, ಅವ್ರ ಪಾಲಿನ ರೊಟ್ಟಿ ನೀವ್ ಒತ್ಕೊಡ್ತೀರಾ?” ಅಂದರು.

ನಾಳೆ ನನ್ನ ತಂಗಿಯ ಮಗಳು ಹೊಂಗೆಯ ಸರದಿ. ಕಂಡಿರದ ಮರಗಳ ಹೆಸರಿಡುವುದು ನಮ್ಮಲ್ಲಿ ರೂಢಿ. ತಂಗಿ ಈಗಿಲ್ಲ, ತುಟಿ ಎತ್ತಬೇಕಾದವನು ನಾನೇ. ಹುಡುಗಿ ಕಲ್ರೊಟ್ಟಿಯನ್ನು ಹುರಿಗಡಲೆಯಂತೆ ಕಟಕಟ ಕಡಿಯುತ್ತಾಳೆ, ಒಸಡಿನಲ್ಲಿ ಹನಿ ರಕ್ತ ಕಂಡದ್ದಿಲ್ಲ. ಆದರೆ ತೆಳು, ದೀಪ ಹಿಡಿದರೆ ಬೇರಿನ ಉಬ್ಬು ಕಾಣುತ್ತದೆ. ನಿನ್ನೆ ಕೇಳಿದಳು: “ಮಾವ, ಆ ಡಾಕ್ಟರಮ್ಮನ ಒಸಡು ಎಷ್ಟು ದಪ್ಪ ಇತ್ತಂತೆ?” ನನ್ನನ್ನು ನಗಿಸಲೆಂದೇ ಕೇಳಿದ್ದು. ನಕ್ಕೆ.

ಕೋರಿಕೆ ಇಷ್ಟೇ. ‘ತೆಳ್ಳಗಿದ್ದರೂ ಆರೋಗ್ಯವೇ’ ಎಂಬ ಮಾತನ್ನು ಅಂಕಿಯ ಮಗ್ಗುಲಲ್ಲೇ, ಅದೇ ಸಾಲಿನಲ್ಲಿ ಬರೆಯಿರಿ. ಹಾಳೆ ಎಲ್ಲಿ ಹರಿದರೂ ಎರಡೂ ಒಟ್ಟಿಗೇ ಹೋಗಲಿ, ಇಲ್ಲವೇ ಒಟ್ಟಿಗೇ ಉಳಿಯಲಿ. ನೀವು ಬರೆದರೆ ಇಲ್ಲಿ ಆ ಗೆರೆಯೇ ಹುಟ್ಟಿರುವುದಿಲ್ಲ, ಬೆಳಗಾಗುವಷ್ಟರಲ್ಲಿ ಆ ಅಳತೆಯ ಕೋಣೆಯೂ ಇರುವುದಿಲ್ಲ. ಇದ್ದರೆ, ಪತ್ರ ತಲುಪಲಿಲ್ಲವೆಂದುಕೊಂಡು ಬೆರಳು ತೊಳೆದುಕೊಂಡು ಹೋಗುತ್ತೇನೆ, ಹೊಂಗೆಯ ತುಟಿ ಎತ್ತಿ ಹಿಡಿಯುತ್ತೇನೆ. ಆಗ ಅವಳು ನಗಬಾರದು, ಸೂಜಿ ಜಾರುತ್ತದೆ. ಅದಕ್ಕೇ ನಾಳೆ ಪ್ರಾಸ ಹೇಳುವುದಿಲ್ಲ.

ಹೊಂಗೆಯ ಮಾವ,
ಚನ್ನಮಲ್ಲ