ದೀಪದ ತನಕ ಹೋದ ತಂತಿ

ತಮ್ಮನಿಗೆ,

ಹದಿನೆಂಟು ವರ್ಷದಿಂದ ಈ ಕಲ್ಲುಗಣಿ ನಡೆಸುತ್ತಿರುವ ಯಜಮಾನಿಯಾಗಿ, ನಿನ್ನನ್ನು ಎತ್ತಿ ಆಡಿಸಿದ ಅಕ್ಕನಾಗಿ ಬರೆಯುತ್ತಿದ್ದೇನೆ.

ನೀನು ಕೊಡಿಸಿದ ಹಳೆಯ ಪಿಕಪ್ಪನ್ನು ಇಂದು ನಾನೇ ನಿಂತು ಪರೀಕ್ಷೆ ಮಾಡಿಸಿದೆ. ನಾಲ್ಕೂ ಚಕ್ರ ಎಳೆಯುತ್ತವೆ, ಅದು ಸರಿ. ಆಮೇಲೆ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೂಗುವಂತೆ ಗುಂಡಿಗೆ ಇಳಿಸಿ, ಸರಿಯಾಗಿದೆ ಎಂದು ನೀನು ಹೇಳಿದ್ದ ಡಿಫರೆನ್ಷಿಯಲ್ ಲಾಕಿನ ಸ್ವಿಚ್ಚು ಒತ್ತಿಸಿದೆ. ಲಾಕ್ ಬಿದ್ದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗಬೇಕು. ಗಾಳಿಯಲ್ಲಿದ್ದದ್ದು ಮಾತ್ರ ಸುಮ್ಮನೆ ಸುತ್ತಿತು.

"ಲಾಕಿನ ದೀಪ ಉರೀತಿದೆಯಲ್ಲಮ್ಮ, ಮಾವ ನಮಗೆ ಸುಳ್ಳು ಹೇಳ್ತಾರಾ?" ಎಂದಳು ಸ್ಟೀರಿಂಗ್ ಹಿಡಿದಿದ್ದ ಮಗಳು.

ಡ್ಯಾಶ್‌ಬೋರ್ಡ್ ಬಿಚ್ಚಿಸಿದೆ. ಸ್ವಿಚ್ಚಿನ ತಂತಿ ದೀಪದ ತನಕ ಮಾತ್ರ ಹೋಗಿತ್ತು. ಅದಕ್ಕೆ ಸುತ್ತಿದ ಟೇಪಿನ ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವುದನ್ನು ನಿನ್ನ ಭಾವ ನಮ್ಮ ಶೆಡ್ಡಿನಲ್ಲಿ ನಿನ್ನೊಬ್ಬನಿಗೇ ಕಲಿಸಿದ್ದರು.

ದಿನಾ ಆಳುಗಳನ್ನು ಕೂರಿಸಿಕೊಂಡು ಗಣಿಯ ಏರು ಹತ್ತುವವಳು ನನ್ನ ಮಗಳೆಂದು ನಿನಗೆ ಗೊತ್ತಿತ್ತು.

ಸಮಜಾಯಿಷಿ ಬರೆಯಬೇಡ. ಪಿಕಪ್ಪನ್ನು ನಿನ್ನ ಬಾಗಿಲ ಮುಂದೆ ನಿಲ್ಲಿಸಿ, ಈ ಪತ್ರವನ್ನು ಸೀಟಿನ ಮೇಲಿಟ್ಟು ಹೋಗುತ್ತಿದ್ದೇವೆ. ನೀನು ಕೇಳುತ್ತಲೇ ಇದ್ದ ನಿನ್ನ ಭಾವನ ಹತ್ಯಾರದ ಪೆಟ್ಟಿಗೆಯನ್ನು ಮಗಳಿಗೆ ಕೊಟ್ಟಾಯಿತು. ಶೆಡ್ಡಿನ ಬೀಗವನ್ನೂ ಬದಲಾಯಿಸಿದ್ದೇನೆ.

ಇಂತಿ,
ಗಣಿಯ ಯಜಮಾನಿ