ಸೆರಗಿನಲ್ಲಿ ಬಂದ ಪರಮಪ್ರಸಾದ

ಶಿಕಾರಿಪುರ, ಸೋಮವಾರ

ಪೂಜ್ಯ ಫಾದರ್ ಅವರಿಗೆ ಜೆಸಿಂತಾಳ ವಂದನೆಗಳು.

ನಿನ್ನೆ ಚರ್ಚಿನ ಪೂಜೆಯಲ್ಲಿ ನನ್ನ ಅತ್ತೆ ಬಸವಣ್ಣೆಮ್ಮ ಸಾಲಿನಲ್ಲಿ ನನ್ನ ಹಿಂದೆಯೇ ನಿಂತು, ನೀವು ಕೊಟ್ಟ ಪರಮಪ್ರಸಾದದ ರೊಟ್ಟಿಯನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿಗೆ ಕಟ್ಟಿಕೊಂಡು ಮನೆಗೆ ತಂದರು. ಅವರು ಕುಪ್ಪಗಡ್ಡೆ ಹಳ್ಳಿಯವರು, ನಮ್ಮ ಧರ್ಮದವರಲ್ಲ, ನಮ್ಮ ಪೂಜೆ ನೋಡಿದ್ದು ಅದೇ ಮೊದಲು. ಆಮೇಲೆ ವಿಷಯ ತಿಳಿದ ನೀವು, ಅದು ಪಾಪವೆಂದು ಅತ್ತೆಗೆ ತಿಳಿಹೇಳುವಂತೆ ಫೋನಿನಲ್ಲಿ ನನ್ನನ್ನು ಗದರಿದಿರಿ. ಹೇಳಿದೆ.

“ಪ್ರಸಾದ ಒಬ್ರೇ ತಿಂತಾರೇನೇ?” ಎಂದರು.

ಅಷ್ಟರಲ್ಲಿ ನನ್ನ ಗಂಡನಿಗೂ ಪಕ್ಕದ ಮನೆಯ ಕರುಣಾಗೂ ಮುರಿದು ಕೊಟ್ಟಾಗಿತ್ತು. ಕೊನೆಯ ಚೂರನ್ನು ನನ್ನ ಅಂಗೈಯಲ್ಲಿಟ್ಟರು. ತಿಂದೆ, ಫಾದರ್. ಎಷ್ಟೋ ದಿನಗಳಿಂದ ಚರ್ಚಿನಲ್ಲಿ ನಾನು ಆಮೆನ್ ಎನ್ನುವುದು ಬರೀ ಬಾಯಿಂದ. ನಿನ್ನೆ ಅಡುಗೆಮನೆಯಲ್ಲಿ ಅದು ತಾನಾಗಿ ಬಂತು. ಪಾಪನಿವೇದನೆಗೆ ಬರೋಣವೆಂದರೆ ಪಶ್ಚಾತ್ತಾಪವೇ ಹುಟ್ಟುತ್ತಿಲ್ಲ. ಇದು ವಿಶ್ವಾಸವೋ ದ್ರೋಹವೋ ತಿಳಿಯದೆ ಬೆಳಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ನಾನು ನಡೆಸುವ ಮಕ್ಕಳ ಧರ್ಮೋಪದೇಶ ತರಗತಿಗೆ ಸದ್ಯ ಬೇರೆಯವರನ್ನು ನೋಡಿಕೊಳ್ಳಿ.

ಒಂದು ಬೇಡಿಕೆ. ಮುಂದಿನ ಭಾನುವಾರವೂ ಅತ್ತೆ ಬರುತ್ತಾರಂತೆ. ಸಾಲಿನಿಂದ ಆಚೆ ಕಳಿಸಬೇಡಿ, ಪರಮಪ್ರಸಾದ ಕೊಡದಿದ್ದರೂ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರೆ ಸಾಕು. ನಿಮ್ಮ ಸಿಟ್ಟು ಅವರನ್ನೂ ಕಾಡುತ್ತಿದೆ. ಆಗಿನಿಂದ ಒಂದೇ ಮಾತು: “ಅಯ್ಯೋ, ಫಾದರಿಗೆ ಒಂದು ಚೂರು ಎತ್ತಿಡ್ದೇ ತಿಂದ್ವಲ್ಲೇ, ಅದ್ಕೇ ಸಿಟ್ಟು ಬಂದೈತೆ.”

ಇನ್ನೂ ನಿಮ್ಮ ಸಭೆಯವಳೇ ಆದ,
ಜೆಸಿಂತಾ