ಹತ್ತು ಸೆಕೆಂಡಿನ ನೀರು

ಮಾರ್ಚ್ 3, ಮಧ್ಯಾಹ್ನ 1.00

ಬೆಳಗಿನ ಪಾಳಿ ಮುಗಿಯಿತು. ಕ್ಲೋರಿನ್ ಅಳೆದೆ, ಸರಿಯಿದೆ. ದಂಡೆಯ ಮೇಲೆ ಓಡುತ್ತಿದ್ದ ಮಹಾಶಯನೊಬ್ಬನಿಗೆ ಕುರ್ಚಿಯಿಂದಲೇ ಗರ್ಜಿಸಿದೆ — "ಎಲೈ ಮಾನವಾ, ನಿಲ್ಲು!" ಇಡೀ ಈಜುಕೊಳವೇ ನಿಂತಿತು. ಅಪ್ಪನ ನಾಟಕ ಕಂಪನಿ ಮುಚ್ಚಿದರೂ ಗಂಟಲು ನನಗೆ ಉಳಿದಿದೆ. ಈ ಲೈಫ್‌ಗಾರ್ಡ್‌ಗೆ ಮೈಕ್ ಬೇಡ.

ಆಮೇಲೆ ಪರೀಕ್ಷೆ. ಮ್ಯಾನೇಜರ್ ಯಾರಿಗೂ ಹೇಳದೆ ಮಗುವಿನ ಗಾತ್ರದ ರಬ್ಬರ್ ಬೊಂಬೆಯನ್ನು ನೀರಿಗೆ ಬಿಡುತ್ತಾರೆ. ಕುರ್ಚಿಯಲ್ಲಿದ್ದವರು ಹತ್ತು ಸೆಕೆಂಡಿನೊಳಗೆ ಕಾಣಬೇಕು. ಇಪ್ಪತ್ತೆಂಟು ವರ್ಷದಲ್ಲಿ ನಾಲ್ಕು ದಾಟಿದ್ದೇ ಇಲ್ಲ. ಇವತ್ತು... ಎದುರು ದಂಡೆಯಲ್ಲಿ ಮೀನು ನಿಂತಿದ್ದಳು. ಜೊತೆಯ ಗಾರ್ಡ್, ಇಪ್ಪತ್ತಮೂರರ ಹುಡುಗಿ, ಎಲ್ಲರೂ ಕರೆಯುವುದೇ ಹಾಗೆ. ಗದ್ದ ಎತ್ತಿ ಬೊಂಬೆಯ ಕಡೆ ಸನ್ನೆ ಮಾಡಿದಳು. ಆಗ ಕಂಡಿತು. ಧುಮುಕಿದೆ.

"ಒಂಬತ್ತು. ಪಾಸ್!" ಎಂದರು ಮ್ಯಾನೇಜರ್.

ಆ ಒಂಬತ್ತು ನನ್ನದಲ್ಲ.

ಮಾರ್ಚ್ 4

ಕಣ್ಣಿನ ಡಾಕ್ಟರ್. ಕೊನೆಯ ಸಾಲಿನವರೆಗೂ ಓದಿದೆ, ಡೈಲಾಗ್ ಒಪ್ಪಿಸಿದ ಹಾಗೆ.

"ಪೊರೆ ಇಲ್ಲ, ಪ್ರೆಷರ್ ಇಲ್ಲ. ಐವತ್ತೆಂಟು ಅಂದ್ರೆ ಯಾರೂ ನಂಬಲ್ಲ ರೀ. ಯಾಕೆ ಬಂದ್ರಿ?"

ಕಾಣುತ್ತದೆ ಡಾಕ್ಟ್ರೇ, ಆದರೆ ಕಂಡದ್ದು ತಡವಾಗಿ ಗೊತ್ತಾಗುತ್ತದೆ... ಇದನ್ನು ಯಾವ ಬಾಯಿಂದ ಹೇಳಲಿ? ಸರ್ಟಿಫಿಕೇಟ್ ಹಿಡಿದು ಬಂದೆ.

ಮಾರ್ಚ್ 12

ತಂಗಿಯ ಮಗಳ ಲ್ಯಾಬ್. ವಯಸ್ಸಾದಂತೆ ಕಣ್ಣು ಕಳಿಸಿದ್ದನ್ನು ಮಿದುಳು ಹೇಗೆ ಓದುತ್ತದೆ ಎಂದು ನೋಡುವ ಕೆಲಸ ಅವಳದು. ಕಾಯಿಲೆ ಕಸಾಲೆ ಇಲ್ಲದ ಹಿರಿಯರು ಬೇಕಂತೆ. ಹೋದೆ. ಸ್ಕ್ರೀನಿನ ಮೇಲೆ ಪಟ್ಟೆಗಳು ಮಿಂಚಿ ಮಾಯ. ಎಡಕ್ಕೆ ಸರಿದವೋ, ಬಲಕ್ಕೋ? ಬಟನ್ ಒತ್ತಬೇಕು.

"ಮಾವಾ! ದೊಡ್ಡ ಪಟ್ಟೇಲಿ ನಮ್ಮ ಕಾಲೇಜು ಹುಡುಗರನ್ನೆಲ್ಲ ಸೋಲಿಸಿಬಿಟ್ರಿ!"

ಎದ್ದು ನಿಂತೆ. ಇಲ್ಲದ ಸಭೆಗೆ ತಲೆಬಾಗಿದೆ. "ಭಲೇ ಎನ್ನು, ಮಗಳೇ!"

"ಭಲೇನೂ ಇಲ್ಲ ಗಿಲೇನೂ ಇಲ್ಲ, ಕೂತ್ಕೊಳ್ಳಿ."

ನಗುತ್ತಲೇ ಹೇಳಿದಳು. ಹರೆಯದ ಮಿದುಳು ಹಿನ್ನೆಲೆಯ ದೊಡ್ಡ ಚಲನೆಯ ಬಾಯಿ ಮುಚ್ಚಿಸುತ್ತದಂತೆ — ಅದರ ನಡುವಿನ ಸಣ್ಣದು ಎದ್ದು ಕಾಣಲಿ ಎಂದು. ವಯಸ್ಸಾದಂತೆ ಆ ಹಿಡಿತ ಸಡಿಲ.

"ಅದಕ್ಕೇ ದೊಡ್ಡದು ನಿಮಗೆ ಬೇಗ ಗೊತ್ತಾಯ್ತು. ಚಿಕ್ಕದು ಅದ್ರೊಳಗೆ ಕಳೆದುಹೋಗತ್ತೆ. ಕಾಯಿಲೆ ಅಲ್ಲ ಮಾವ, ಆರೋಗ್ಯವಾಗಿ ಇರೋರಿಗೂ ಆಗೋದೇ... ಯಾಕೆ ಇಷ್ಟು ಬೆವರ್ತಿದೀರಿ?"

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವಳ ಮಾತನ್ನೇ ಕೊಳಕ್ಕೆ ಹೊಂದಿಸಿ ನೋಡಿದೆ. ಇಡೀ ನೀರು ಅಲುಗುವುದು ನನಗೆ ಚೆನ್ನಾಗಿ ಕಾಣುತ್ತದೆ. ಭೇಷ್! ಆದರೆ ನನಗೆ ಸಂಬಳ ಕೊಡುವುದು ಆ ನೀರಿನಲ್ಲಿ ಒಂದು ತಲೆಯನ್ನು ಹುಡುಕಲಿಕ್ಕೆ.

ಮಾರ್ಚ್ 13

"ಸಾರ್, ನನ್ನನ್ನ ಕುರ್ಚಿಯಿಂದ ಇಳಿಸಿಬಿಡಿ."

ಮ್ಯಾನೇಜರ್ ಸರ್ಟಿಫಿಕೇಟ್ ತಿರುವಿ ಹಾಕಿದರು. "ಫಸ್ಟ್ ಕ್ಲಾಸ್ ಇದೆಯಲ್ರೀ! ನಾಟಕ ಆಡ್ಬೇಡಿ. ಬೇಸಿಗೆ ಕ್ಯಾಂಪಿಗೆ ನಲವತ್ತು ಮಕ್ಕಳು ಬರ್ತಿದಾರೆ. ಇನ್ನೊಬ್ಬರನ್ನ ಎಲ್ಲಿಂದ ತರ್ಲಿ?"

ಬೊಂಬೆಯ ನಿಜ ಹೇಳಲು ಬಾಯಿ ತೆರೆದೆ. ಮುಚ್ಚಿದೆ. ಮೀನಿಗೆ ತೊಂದರೆಯಾಗುತ್ತದೆ ಎಂದುಕೊಂಡೆ. ಸುಳ್ಳು. ಹೆದರಿದ್ದು ನನ್ನ ಮರ್ಯಾದೆಗೆ.

ಏಪ್ರಿಲ್ 2

ಮೂರು ವಾರ ಬರೆಯಲಾಗಲಿಲ್ಲ. ಕ್ಯಾಂಪ್ ಶುರು. ನಲವತ್ತು ಮಕ್ಕಳು ನೀರು ಬಡಿದರೆ ಕೊಳವೆಲ್ಲ ಕುದಿಯುತ್ತದೆ, ಬೆಳಕು ಚೂರುಚೂರು. ಸಂಶಯ ಬಂದರೂ ಸಾಕೆಂದು ಇವತ್ತು ಮೂರು ಸಲ ಧುಮುಕಿದೆ. ಒಂದು ಸಲ ಟವೆಲ್. ಎರಡು ಸಲ ಬಿಸಿಲು.

"ಏನಂಕಲ್, ಬಿಸಿಲಿಗೂ ಉಸಿರು ಕೊಡ್ತೀರಾ?" ಎಂದಳು ಮೀನು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗಲಿ. ವಿದೂಷಕನಾಗುತ್ತೇನೆ, ಒಂದು ಮಗು ಕೈತಪ್ಪುವುದು ಮಾತ್ರ ಆಗಬಾರದು...

ಏಪ್ರಿಲ್ 9, ಸಂಜೆ 5.00

ಬರೆಯಲು ಕೈ ಬರುತ್ತಿಲ್ಲ.

ಏಣಿಯ ಹತ್ತಿರ ಕಪ್ಪಗೆ ಏನೋ ಕಂಡಿತು. ಹಾರಿದೆ. ಏಣಿಯ ನೆರಳು. ಛೀ, ಮತ್ತೆ ಮುಠ್ಠಾಳನಾದೆ ಎಂದು ತಿರುಗಿದೆ — ಮೊಣಕಾಲಿಗೆ ಮೆತ್ತಗೆ ಏನೋ ತಗುಲಿತು.

ಆರು ವರ್ಷದ ಹುಡುಗಿ. ತಳದಲ್ಲಿ. ಕೂದಲು ಮಾತ್ರ ಅಲುಗುತ್ತಿತ್ತು.

ಎತ್ತಿದೆ. ಉಸಿರು ಕೊಟ್ಟೆ. ಏನೂ ಇಲ್ಲ. ಮತ್ತೆ. ಏನೂ ಇಲ್ಲ. ಮತ್ತೆ... ಕೆಮ್ಮಿದಳು. ಹೋ ಎಂದು ಅತ್ತಳು. ಆಸ್ಪತ್ರೆಗೆ ಕಳಿಸಿದರು. ಅಪಾಯವಿಲ್ಲ ಎಂದು ಈಗ ಫೋನ್ ಬಂತು.

ದಂಡೆ ತುಂಬ ಚಪ್ಪಾಳೆ. ಅಂಥ ಚಪ್ಪಾಳೆ ಅಪ್ಪನಿಗೂ ಬಿದ್ದಿರಲಿಲ್ಲ. "ಹದ್ದಿನ ಕಣ್ಣು ಕಣ್ರೀ ನಿಮ್ದು! ಅರವತ್ತಾದ್ಮೇಲೂ ಎರಡು ವರ್ಷ ಬಿಡಲ್ಲ ನಿಮ್ಮನ್ನ," ಎಂದು ಮ್ಯಾನೇಜರ್ ಬೆನ್ನು ತಟ್ಟಿದರು.

ಮೀನು ಚಪ್ಪಾಳೆ ತಟ್ಟಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತಳು. "ಅಂಕಲ್... ನೀವು ಅವಳನ್ನ ನೋಡಿದ್ರಾ?"

ಇಷ್ಟು ದೊಡ್ಡ ಗಂಟಲು. ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅವಳ ಪಕ್ಕದಿಂದ ನುಸುಳಿ ಹೋದೆ.

ಏಪ್ರಿಲ್ 10, ಬೆಳಿಗ್ಗೆ 9.40

ಹತ್ತಕ್ಕೆ ಕುರ್ಚಿ. ಮಕ್ಕಳು ಆಗಲೇ ಸಾಲು ನಿಂತಿದ್ದಾರೆ, ಗದ್ದಲ ಗೋಡೆ ದಾಟಿ ಬರುತ್ತಿದೆ. ಮೇಜಿನ ಮೇಲೆ ನಿನ್ನೆಯ ವರದಿಯ ಫಾರಂ. ಆರನೇ ಪ್ರಶ್ನೆ: "ಮಗು ಮುಳುಗಿದ ಎಷ್ಟು ಸೆಕೆಂಡಿಗೆ ನೀವು ಕಂಡಿರಿ?" ಮ್ಯಾನೇಜರ್ ತಾವೇ ಪೆನ್ಸಿಲ್‌ನಲ್ಲಿ '4' ಬರೆದಿದ್ದಾರೆ. "ಅದರ ಮೇಲೇ ಪೆನ್ನಿನಲ್ಲಿ ಬರೆದು ಸಹಿ ಹಾಕಿ, ಸಾಕು," ಎಂದಿದ್ದಾರೆ.

ನಾಲ್ಕು. ಹಾಕಿದರೆ ಇನ್ನೂ ನಾಲ್ಕು ವರ್ಷ ಈ ನೀರು ನನ್ನದು. ನನ್ನದು!

ಅಳಿಸಿದೆ. ಕಾಗದ ಸ್ವಲ್ಪ ಹರಿಯಿತು. ಏನು ಬರೆಯಬೇಕೋ ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿಗೆ —

ನಾನು ಆ ಮಗುವನ್ನು ಕಾಣಲಿಲ್ಲ. ಕಾಲಿಗೆ ತಗುಲಿತು. ಅದಕ್ಕೂ ಮುಂಚೆ ಅವಳು ಅಲ್ಲಿ ಎಷ್ಟು ಹೊತ್ತು ಇದ್ದಳೋ, ನನಗೆ ಗೊತ್ತಿಲ್ಲ.